ಲ್ಯಾಬಿನ ಹೋಸ್ಟ್‌ಗೆ ಲಿಬ್‌ವರ್ಟ್ ಕೂರಿಸಿದ್ದು

ವರ್ಚುವಲ್ ಮಷಿನ್ (ವಿಎಂ), ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಓಡುವ ಇನ್ನೊಂದು ಕಂಪ್ಯೂಟರ್, ಮಾಡುವುದು ಈಗ ಕಷ್ಟದ ಕೆಲಸವಲ್ಲ. ವರ್ಟ್-ಮ್ಯಾನೇಜರ್ ಅನ್ನುವ ಪ್ರೋಗ್ರಾಂ ತೆರೆದು, ಇನ್‌ಸ್ಟಾಲ್ ಡಿಸ್ಕಿನ ಪ್ರತಿಯಾದ ಐಎಸ್ಒ ಫೈಲ್ ತೋರಿಸಿ, ನಾಲ್ಕೈದು ಸಲ ‘ಫಾರ್ವರ್ಡ್’ ಒತ್ತಿದರೆ ಒಂದು ವಿಎಂ ಎದ್ದು ನಿಲ್ಲುತ್ತದೆ. ಒಂದೇ ಹೋಸ್ಟ್, ಅಂದರೆ ವಿಎಂಗಳನ್ನು ಹೊತ್ತ ನಿಜವಾದ ಕಂಪ್ಯೂಟರ್, ಅದರ ಮೇಲೆ ಇಪ್ಪತ್ತು ವಿಎಂ ಕೂತ ಮೇಲೆ ತಲೆನೋವು ಶುರು. ಡಿಸ್ಕ್ ಫೈಲ್ ಎಲ್ಲಿ ಬೀಳುತ್ತದೆ? ಯಾರು ಒಳಗೆ ಬರಬಹುದು? ಯಾವ ವಿಎಂ ಯಾವ ನೆಟ್‌ವರ್ಕಿಗೆ? ಕರೆಂಟ್ ಹೋದರೆ ಏನು ಗತಿ? ಇದಕ್ಕೆಲ್ಲ ಒಂದೊಂದೇ ವಿಎಂ ಒಳಗೆ ಹೊಕ್ಕು ಉತ್ತರ ಹುಡುಕಲು ಆಗುವುದಿಲ್ಲ. ವಠಾರದಲ್ಲಿ ಬಾಡಿಗೆಯವರು ತಮ್ಮ ತಮ್ಮ ಖೋಲಿ ಹೇಗೆ ಬೇಕಾದರೂ ಇಟ್ಟುಕೊಳ್ಳಲಿ, ನೀರಿನ ಮೋಟರು, ಮೇನ್ ಫ್ಯೂಸು ಎಲ್ಲರಿಗೂ ಒಂದೇ ಅಲ್ವಾ, ಹಾಗೆ.

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ತಾಳಿಕೋಟೆ ಕಡೆಯಿಂದ ಬರುವ ಹುಡುಗರು ಜಾಸ್ತಿ. ಲಿನಕ್ಸ್ ಮತ್ತು ನೆಟ್‌ವರ್ಕ್ ಪ್ರಾಕ್ಟಿಕಲ್ಲಿಗೆ ಪ್ರತಿಯೊಬ್ಬರಿಗೂ ಒಂದು ಮಷಿನ್ ಬೇಕು, ಅದನ್ನು ಅವರು ಕೆಡಿಸಬೇಕು, ಮರುದಿನ ಅದು ಮತ್ತೆ ಸರಿ ಇರಬೇಕು. ಇದಕ್ಕೆ ವಿಎಂ ಬಿಟ್ಟರೆ ದಾರಿ ಇಲ್ಲ. ನಮ್ಮ ಹೋಸ್ಟ್ ಅಂದರೆ ಸೆಕೆಂಡ್ ಹ್ಯಾಂಡ್ ತಂದ ಒಂದು ವರ್ಕ್‌ಸ್ಟೇಷನ್. 64 ಜಿಬಿ ರ್‍ಯಾಮ್, ಸಿಸ್ಟಮ್‌ಗೆ 240 ಜಿಬಿಯ ಎಸ್ಎಸ್‌ಡಿ, ವಿಎಂಗಳಿಗೆ ಬೇರೆ 2 ಟಿಬಿಯ ಎಸ್ಎಸ್‌ಡಿ. ಮೇಲೆ ಡೆಬಿಯನ್ 12 ಲಿನಕ್ಸ್. ವಿಎಂ ಓಡಿಸುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ 2007ರಿಂದ ಇರುವ ಕೆವಿಎಂ. ಅದರ ಜೊತೆಗೆ ವಿಎಂಗೆ ಡಿಸ್ಕ್, ನೆಟ್‌ವರ್ಕ್ ಕಾರ್ಡಿನಂಥ ಸಾಧನಗಳನ್ನು ಸಾಫ್ಟ್‌ವೇರಿನಲ್ಲೇ ಮಾಡಿ ಕೊಡುವ ಕ್ಯೂಮು, ಇವೆರಡನ್ನೂ ನಡೆಸಲು ಲಿಬ್‌ವರ್ಟ್, ಕಣ್ಣಿಗೆ ಕಾಣಲು ವರ್ಟ್-ಮ್ಯಾನೇಜರ್. ಎಲ್ಲ ಉಚಿತ. ಕಾಲೇಜಿನವರಿಗೆ ಇಷ್ಟವಾಗಿದ್ದು ಆ ಕೊನೆಯ ಮಾತು.

ಈ ಹೋಸ್ಟ್ ಮೊದಲೂ ಓಡುತ್ತಿತ್ತು. ಆದರೆ ಯಾರೋ ಇನ್‌ಸ್ಟಾಲ್ ಮಾಡಿ, ಬಂದ ಡಿಫಾಲ್ಟ್‌ಗಳನ್ನೇ ಬಿಟ್ಟು ಹೋಗಿದ್ದರು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತು, ಲ್ಯಾಬ್ ಖಾಲಿಯಾಯಿತು. ಹುಡುಗರು ಇಲ್ಲದ ಆ ಹೊತ್ತಿನಲ್ಲಿ ಎಲ್ಲ ಹೊಸದಾಗಿ ಕೂರಿಸಬೇಕು ಅಂತ ನಾನು, ನನ್ನ ಜೊತೆಗಿನ ಇನ್‌ಸ್ಟ್ರಕ್ಟರ್ ಇಬ್ಬರೂ ಕೂತೆವು.

ಮೊದಲು ಬಯಾಸ್, ಅಂದರೆ ಮಷಿನ್ ಆನ್ ಆದ ಕೂಡಲೇ ಸಿಗುವ ಮೂಲ ಸೆಟ್ಟಿಂಗ್‌ಗಳ ಜಾಗ. ಇಂಟೆಲ್ ಮಷಿನ್‌ಗಳಲ್ಲಿ ವಿಟಿ-ಎಕ್ಸ್ ಅನ್ನುವ ಆಯ್ಕೆ ಆನ್ ಇರಬೇಕು. ಆಫ್ ಇದ್ದರೂ ಕ್ಯೂಮು ವಿಎಂ ಓಡಿಸುತ್ತದೆ, ಆದರೆ ಪ್ರೊಸೆಸರಿನ ಕೆಲಸವನ್ನೆಲ್ಲ ಸಾಫ್ಟ್‌ವೇರಿನಲ್ಲೇ ಮಾಡಿಕೊಂಡು ತೆವಳುತ್ತದೆ. ಆಮೇಲೆ ‘ವರ್ಟ್-ಹೋಸ್ಟ್-ವ್ಯಾಲಿಡೇಟ್’ ಕಮಾಂಡ್ ಓಡಿಸಿ ನೋಡಬೇಕು. ಹೋಸ್ಟ್‌ನಲ್ಲಿ ಏನಿದೆ, ಏನಿಲ್ಲ ಅಂತ ಒಂದೊಂದು ಸಾಲಿಗೂ ಪಾಸ್, ವಾರ್ನ್, ಫೇಲ್ ಅಂತ ಬರೆದು ಕೊಡುತ್ತದೆ. ನಮಗೆ ಐಒಎಂಎಂಯು ಸಾಲಿನಲ್ಲಿ ಹಳದಿ ವಾರ್ನ್ ಬಂತು. ನನ್ನ ಜೊತೆಯವರು ಗಾಬರಿಯಾದರು. ಗ್ರಾಫಿಕ್ಸ್ ಕಾರ್ಡನ್ನೋ ನೆಟ್‌ವರ್ಕ್ ಕಾರ್ಡನ್ನೋ ಇಡಿಯಾಗಿ ಒಂದು ವಿಎಂಗೆ ಬಿಟ್ಟುಕೊಡುವವರಿಗೆ ಮಾತ್ರ ಅದು ಬೇಕು. ನಮಗೆ ಬೇಡ. ಬಿಟ್ಟೆವು.

ಇನ್ನು ಸೆಟ್ಟಿಂಗ್ ಎಲ್ಲಿ ಬದಲಿಸುವುದು ಅನ್ನುವುದೇ ಒಂದು ಗೊಂದಲ. ನನ್ನ ಜೊತೆಯವರು ವರ್ಟ್-ಮ್ಯಾನೇಜರಿನ ‘ಪ್ರಿಫರೆನ್ಸಸ್’ ತೆರೆದು ಕೂತಿದ್ದರು. ಹೊಸ ವಿಎಂಗೆ ಡಿಸ್ಕ್ ಫಾರ್ಮ್ಯಾಟ್ ಯಾವುದು, ಸಿಪಿಯು ಯಾವುದು, ವಿಎಂನ ವಿವರ ಇರುವ ಎಕ್ಸ್ಎಂಎಲ್ ತಿದ್ದಲು ಬಿಡಬೇಕೋ ಬೇಡವೋ ಎಲ್ಲ ಅಲ್ಲಿದೆ. ಅವರು ಆರಿಸಿ ಮುಗಿಸಿದ ಮೇಲೆ ನಾನು ನನ್ನ ಲಾಗಿನ್‌ನಿಂದ ತೆರೆದೆ. ಏನೂ ಬದಲಾಗಿರಲಿಲ್ಲ.

“ಅಲ್ರೀ ಸರ, ಎಲ್ಲಾ ಟಿಕ್ ಮಾಡೇನಿ. ನಿಮ್ಮ ಲಾಗಿನ್‌ನಾಗ ಯಾಕ ಕಾಣವಲ್ದು?”

ಕಾಣುವುದಿಲ್ಲ. ಪ್ರಿಫರೆನ್ಸಸ್ ಅನ್ನುವುದು ಆ ಯೂಸರ್‌ಗೆ ಮಾತ್ರ ಸೇರಿದ್ದು, ಅವರ ಹೋಮ್ ಫೋಲ್ಡರಿನಲ್ಲೇ ಕೂರುತ್ತದೆ. ಇಡೀ ಹೋಸ್ಟ್‌ಗೆ ಅನ್ವಯಿಸುವುದು ಬೇರೆ ಎರಡು ಕಡೆ ಇದೆ. ಒಂದು, ಅದೇ ವರ್ಟ್-ಮ್ಯಾನೇಜರಿನಲ್ಲಿ ‘ಕನೆಕ್ಷನ್ ಡಿಟೇಲ್ಸ್’. ನೆಟ್‌ವರ್ಕ್‌ಗಳು ಮತ್ತು ಸ್ಟೋರೇಜ್ ಅಲ್ಲಿವೆ. ಎರಡನೆಯದು, ಹೋಸ್ಟಿನ ಸೆಟ್ಟಿಂಗ್‌ಗಳೆಲ್ಲ ಕೂರುವ ಇಟಿಸಿ (/etc) ಫೋಲ್ಡರಿನಲ್ಲಿರುವ ಲಿಬ್‌ವರ್ಟ್‌ನ ಕಾನ್ಫಿಗ್ ಫೈಲ್‌ಗಳು. ಅದಕ್ಕೆ ಬಣ್ಣ ಇಲ್ಲ, ಬಟನ್ ಇಲ್ಲ, ಸುಮ್ನೆ ಟೆಕ್ಸ್ಟ್. ಆದರೆ ಪ್ರತಿ ಸೆಟ್ಟಿಂಗಿನ ಮೇಲೆ ಕಾಮೆಂಟಿನಲ್ಲಿ ವಿವರಣೆ ಬರೆದಿದ್ದಾರೆ. ಆ ಕಾಮೆಂಟುಗಳನ್ನು ಓದದೆ ಕೆಳಗಿನ ಸಾಲು ಮಾತ್ರ ಬದಲಿಸುವವರೇ ಜಾಸ್ತಿ.

ಇದಕ್ಕೆ ಒಳ್ಳೆ ಉದಾಹರಣೆ ಗ್ರೂಪಿನ ಸೆಟ್ಟಿಂಗ್. ಲಿಬ್‌ವರ್ಟ್ ಡೀಮನ್ನಿನ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮಿನ) ಕಾನ್ಫಿಗ್ ಫೈಲಿನಲ್ಲಿ ‘ಯಾವ ಗ್ರೂಪಿನವರು ಸಾಕೆಟ್ ಬಳಸಬಹುದು’, ಅಂದರೆ ಡೀಮನ್ ಜೊತೆ ಮಾತಾಡುವ ಬಾಗಿಲು ಯಾರಿಗೆ ತೆರೆದಿದೆ, ಅನ್ನುವ ಸಾಲಿದೆ. ಅದನ್ನು ಬದಲಿಸಿ, ಡೀಮನ್ ರೀಸ್ಟಾರ್ಟ್ ಮಾಡಿ, ಏನೂ ಆಗದೆ ತಲೆ ಕೆರೆದುಕೊಳ್ಳುವವರು ಬಹಳ. ಕಾರಣ ಕಾಮೆಂಟಿನಲ್ಲೇ ಇದೆ. ಹೋಸ್ಟಿನ ಸರ್ವಿಸ್‌ಗಳನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿ ತಾನೇ ಸಾಕೆಟ್ ತೆರೆದು ಕೊಡುತ್ತಿದ್ದರೆ ಈ ಸಾಲಿಗೆ ಬೆಲೆ ಇಲ್ಲ. ಆಗ ಬದಲಿಸಬೇಕಾದದ್ದು ಸಿಸ್ಟಮ್‌ಡಿಯ ಸಾಕೆಟ್ ಯೂನಿಟ್ ಅನ್ನುವ ಸೆಟ್ಟಿಂಗ್ ಫೈಲನ್ನು. ನಾವು ಅದರ ಗೋಜಿಗೆ ಹೋಗಲಿಲ್ಲ. ಡೆಬಿಯನ್‌ನಲ್ಲಿ ‘ಲಿಬ್‌ವರ್ಟ್’ ಅನ್ನುವ ಗ್ರೂಪ್ ಮೊದಲೇ ಇರುತ್ತದೆ. ಅದರಲ್ಲಿ ಯಾರಿರಬೇಕು ಅಂತ ಮಾತ್ರ ತೀರ್ಮಾನಿಸಿದೆವು.

ಇಲ್ಲಿ ನಾನು ಸ್ವಲ್ಪ ಹಟಮಾರಿ. ಹಳೇ ವ್ಯವಸ್ಥೆಯಲ್ಲಿ ಹುಡುಗರ ಯೂಸರ್‌ಗಳನ್ನೆಲ್ಲ ಆ ಗ್ರೂಪಿಗೆ ಹಾಕಿದ್ದರು. ಅನುಕೂಲ ಹೌದು. ಆದರೆ ಹೋಸ್ಟಿನ ಸಿಸ್ಟಮ್ ಕನೆಕ್ಷನ್ ಮೇಲೆ ಪೂರ್ತಿ ಹಿಡಿತ ಸಿಕ್ಕವನಿಗೆ ಹೆಚ್ಚುಕಡಿಮೆ ರೂಟ್, ಅಂದರೆ ಮಷಿನ್ನಿನ ಯಜಮಾನನ, ಅಧಿಕಾರ ಸಿಕ್ಕ ಹಾಗೆ. ಹೋಸ್ಟಿನ ಡಿಸ್ಕನ್ನೇ ತನ್ನ ವಿಎಂಗೆ ಜೋಡಿಸಿಕೊಂಡು ಒಳಗಿಂದ ಓದಬಹುದು, ಬರೆಯಬಹುದು. ಪಾಸ್‌ವರ್ಡ್ ಕೇಳುವವರೇ ಇಲ್ಲ. ಹುಡುಗರನ್ನು ತೆಗೆದೆವು. ಗ್ರೂಪಿನಲ್ಲಿ ಈಗ ನಾವಿಬ್ಬರೇ. ಹುಡುಗರು ತಮ್ಮ ವಿಎಂಗೆ ಎಸ್ಎಸ್ಎಚ್ (ನೆಟ್‌ವರ್ಕಿನಲ್ಲಿ ದೂರದಿಂದ ಲಾಗಿನ್ ಆಗುವ ದಾರಿ) ಮೂಲಕ ಬರುತ್ತಾರೆ. ಹೋಸ್ಟ್ ಅವರ ಕಣ್ಣಿಗೇ ಬೀಳುವುದಿಲ್ಲ.

ಗ್ರೂಪಿಗೆ ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಅದಾದ ಮೇಲೂ ವಿಎಂಗಳನ್ನು ತೋರಿಸುವ ‘ವರ್ಶ್ ಲಿಸ್ಟ್’ ಕಮಾಂಡ್ ಹೊಡೆದರೆ ಪಟ್ಟಿ ಖಾಲಿ ಬರುತ್ತದೆ. ವಿಎಂಗಳು ಮಾಯವಾಗಿರುವುದಿಲ್ಲ. ಲಿಬ್‌ವರ್ಟ್‌ಗೆ ಎರಡು ಲೋಕ ಇವೆ, ಸಿಸ್ಟಮ್ ಒಂದು, ಸೆಷನ್ ಇನ್ನೊಂದು. ಸಾಮಾನ್ಯ ಯೂಸರ್ ಆಗಿ ಹೋದರೆ ಸೆಷನ್‌ಗೆ ಹೋಗಿ ಬೀಳುತ್ತೇವೆ. ಅಲ್ಲಿ ನಮ್ಮ ಸ್ವಂತ ವಿಎಂಗಳಷ್ಟೇ ಕಾಣುತ್ತವೆ. ಇಟಿಸಿಯಲ್ಲಿರುವ ಕ್ಲೈಂಟ್ ಕಾನ್ಫಿಗ್ ಫೈಲಿನಲ್ಲಿ ಡಿಫಾಲ್ಟ್ ವಿಳಾಸ ಬರೆದರೂ ಅದನ್ನು ಓದುವುದು ರೂಟ್ ಮಾತ್ರ. ಹಾಗಾಗಿ ಲಾಗಿನ್ ಆದಾಗ ಓಡುವ ಪ್ರೊಫೈಲ್ ಸ್ಕ್ರಿಪ್ಟಿನಲ್ಲಿ ಲಿಬ್‌ವರ್ಟ್‌ನ ಡಿಫಾಲ್ಟ್ ಯುಆರ್ಐ ಅನ್ನುವ ವೇರಿಯಬಲ್ಲಿಗೆ ಸಿಸ್ಟಮ್ ವಿಳಾಸ ಕೊಟ್ಟೆವು. ಅಲ್ಲಿಗೆ ಅದು ಮುಗಿಯಿತು.

ಸ್ಟೋರೇಜ್ ಸ್ವಲ್ಪ ತಾಳ್ಮೆ ಕೇಳಿತು. ಲಿಬ್‌ವರ್ಟ್ ವಿಎಂಗಳ ಡಿಸ್ಕ್ ಫೈಲ್‌ಗಳನ್ನು ಸುಮ್ನೆ ಬಿಟ್ಟರೆ ವಾರ್ (/var) ಫೋಲ್ಡರಿನ ಒಳಗಿನ ತನ್ನ ‘ಇಮೇಜಸ್’ ಜಾಗದಲ್ಲಿ ಇಡುತ್ತದೆ. ನಮ್ಮಲ್ಲಿ ಅದು ಚಿಕ್ಕ ಎಸ್ಎಸ್‌ಡಿ ಮೇಲಿತ್ತು. 2 ಟಿಬಿ ಡಿಸ್ಕ್ ಪಕ್ಕದಲ್ಲಿ ಖಾಲಿ ಕೂತು, ಸಿಸ್ಟಮ್ ಡಿಸ್ಕ್ 90 ಪರ್ಸೆಂಟ್ ತುಂಬಿತ್ತು. ಪ್ರತಿ ವಿಎಂ ಮಾಡುವಾಗಲೂ ‘ಬ್ರೌಸ್’ ಒತ್ತಿ ಜಾಗ ಬದಲಿಸಿ ಅಂತ ಹೇಳಬಹುದು, ಆದರೆ ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದಕ್ಕೆ ಒಂದು ಸರಳ ದಾರಿ ಇದೆ. ವರ್ಟ್-ಮ್ಯಾನೇಜರ್ ಹುಡುಕುವುದು ‘ಡಿಫಾಲ್ಟ್’ ಅನ್ನುವ ಹೆಸರಿನ ಪೂಲನ್ನು, ಅಂದರೆ ಡಿಸ್ಕ್ ಫೈಲ್‌ಗಳನ್ನು ಇಡುವ ಜಾಗವನ್ನು. ಆ ಹೆಸರಿನ ಹಳೇ ಪೂಲನ್ನು ತೆಗೆದು, ಅದೇ ಹೆಸರಿನಲ್ಲಿ ದೊಡ್ಡ ಡಿಸ್ಕಿನ ಫೋಲ್ಡರ್ ತೋರಿಸಿದರೆ ಮುಂದೆ ಎಲ್ಲ ತಾನಾಗಿ ಅಲ್ಲೇ ಬೀಳುತ್ತದೆ.

ತೆಗೆಯುವ ಕಮಾಂಡಿನ ಹೆಸರು ‘ಪೂಲ್-ಡೆಸ್ಟ್ರಾಯ್’. ನೋಡಿದರೇ ಕೈ ನಡುಗಬೇಕು. ಆದರೆ ಅದು ಪೂಲನ್ನು ನಿಲ್ಲಿಸುತ್ತದೆ, ಅಷ್ಟೆ. ಫೈಲ್ ಒಂದೂ ಅಳಿಸುವುದಿಲ್ಲ. ಆಮೇಲೆ ‘ಪೂಲ್-ಅನ್‌ಡಿಫೈನ್’, ಹೊಸದನ್ನು ‘ಡಿಫೈನ್’ ಮಾಡುವುದು, ‘ಬಿಲ್ಡ್’, ‘ಸ್ಟಾರ್ಟ್’, ‘ಆಟೋಸ್ಟಾರ್ಟ್’. ನಿಜಕ್ಕೂ ಹೆದರಬೇಕಾದ್ದು ‘ಪೂಲ್-ಡಿಲೀಟ್’ ಅನ್ನುವುದಕ್ಕೆ. ಐಎಸ್ಒ ಫೈಲ್‌ಗಳಿಗೂ ಬೇರೆ ಪೂಲ್ ಮಾಡಿದೆವು. ಡೌನ್‌ಲೋಡ್ಸ್ ಫೋಲ್ಡರಿನಿಂದ ಐಎಸ್ಒ ಹಾಕಿದರೆ ಕ್ಯೂಮು ಪರ್ಮಿಷನ್ ಇಲ್ಲ ಅಂತ ನಿಲ್ಲುತ್ತಿತ್ತು. ಡೆಬಿಯನ್‌ನಲ್ಲಿ ಕ್ಯೂಮು ಓಡುವುದು ತನ್ನದೇ ಬೇರೆ ಯೂಸರ್ ಆಗಿ. ನಮ್ಮ ಹೋಮ್ ಫೋಲ್ಡರಿನ ಒಳಗೆ ಕಾಲಿಡಲು ಅದಕ್ಕೆ ಅಧಿಕಾರ ಇರುವುದಿಲ್ಲ. ವರ್ಟ್-ಮ್ಯಾನೇಜರ್ ‘ಸರಿ ಮಾಡಲೇ?’ ಅಂತ ಕೇಳುತ್ತದೆ, ಎಲ್ಲರೂ ಹೂಂ ಅನ್ನುತ್ತಾರೆ. ಹೋಮ್ ಫೋಲ್ಡರಿನ ಬಾಗಿಲು ಹಾಗೆ ಒಂದೊಂದಾಗಿ ತೆರೆಯುತ್ತಾ ಹೋಗುವುದಕ್ಕಿಂತ ಐಎಸ್ಒಗೇ ಒಂದು ಜಾಗ ಕೊಡುವುದು ಚೆನ್ನ.

ಇದಕ್ಕೆ ಸೇರಿದ ಇನ್ನೊಂದು ಸಣ್ಣ ವಿಷಯವನ್ನು ಯಾರೂ ಹೇಳುವುದಿಲ್ಲ. ದೊಡ್ಡ ಡಿಸ್ಕ್ ಯಾವತ್ತಾದರೂ ಮೌಂಟ್ ಆಗದಿದ್ದರೆ, ಅಂದರೆ ತನ್ನ ಫೋಲ್ಡರಿಗೆ ಜೋಡಣೆಯಾಗದಿದ್ದರೆ, ಏನಾಗುತ್ತದೆ? ಫೋಲ್ಡರ್ ಇರುತ್ತದೆ, ಒಳಗೆ ಖಾಲಿ. ಲಿಬ್‌ವರ್ಟ್ ಆ ಖಾಲಿ ಫೋಲ್ಡರನ್ನೇ ಪೂಲ್ ಅಂದುಕೊಂಡು ಹೊಸ ಡಿಸ್ಕ್‌ಗಳನ್ನು ಸಿಸ್ಟಮ್ ಎಸ್ಎಸ್‌ಡಿ ಮೇಲೆ ಬರೆಯುತ್ತದೆ. ಅದನ್ನು ತಡೆಯಲು ಲಿಬ್‌ವರ್ಟ್ ಡೀಮನ್ನಿನ ಸಿಸ್ಟಮ್‌ಡಿ ಯೂನಿಟ್ಟಿಗೆ ‘ಈ ಮೌಂಟ್ ಇದ್ದರೆ ಮಾತ್ರ ಏಳು’ ಅನ್ನುವ ಒಂದು ಸಾಲು ಸೇರಿಸಿದೆವು.

ಹುಡುಗರ ವಿಎಂಗಳಿಗೆ ಎಲ್ಲರಿಗೂ ಸೇರಿ ಒಂದು ಬೇಸ್ ಇಮೇಜ್ (ಮೂಲ ಡಿಸ್ಕ್ ಫೈಲ್), ಅದರ ಮೇಲೆ ಪ್ರತಿಯೊಬ್ಬರಿಗೂ ಅವರವರ ಬದಲಾವಣೆಯನ್ನಷ್ಟೇ ಇಟ್ಟುಕೊಳ್ಳುವ ತೆಳ್ಳನೆಯ ಕ್ಯೂಕೌ2 ಫೈಲಿನ ಪದರ. ಕೆಡಿಸಿದರೆ ಪದರ ಎಸೆದು ಹೊಸದು. ಪದರ ಮಾಡುವಾಗ ಕೆಳಗಿನ ಫೈಲಿನ ಫಾರ್ಮ್ಯಾಟ್ ಯಾವುದು ಅಂತ ಕೂಡ ಹೇಳಬೇಕು. ಕ್ಯೂಮು 6.1ರಿಂದ ಅದು ಕಡ್ಡಾಯ. ಹಳೇ ಸ್ಕ್ರಿಪ್ಟ್ ಇದ್ದವರು ಇಲ್ಲಿ ಎಡವುತ್ತಾರೆ.

ಈಗ ನೆಟ್‌ವರ್ಕ್. ಜಾತ್ರೆಯ ರಜೆಯಲ್ಲಿ ಅರ್ಧ ಹೊತ್ತು ತಿಂದದ್ದು ಇದೇ.

ಲಿಬ್‌ವರ್ಟ್ ಜೊತೆ ಬರುವ ಡಿಫಾಲ್ಟ್ ನೆಟ್‌ವರ್ಕ್ ಅಂದರೆ 192.168.122 ಸಾಲಿನ ಒಂದು ಒಳಗಿನ ಜಾಲ. ಹೋಸ್ಟ್ ಅದಕ್ಕೆ ನ್ಯಾಟ್ ಮಾಡುತ್ತದೆ, ಅಂದರೆ ವಿಎಂಗಳ ಮಾತನ್ನು ತನ್ನ ವಿಳಾಸದಿಂದ ಹೊರಗೆ ಕಳಿಸುತ್ತದೆ. ಡಿಎನ್ಎಸ್‌ಮ್ಯಾಸ್ಕ್ ಅನ್ನುವ ಸಣ್ಣ ಪ್ರೋಗ್ರಾಂ ಐಪಿ (ನೆಟ್‌ವರ್ಕ್ ವಿಳಾಸ) ಹಂಚುತ್ತದೆ. ವಿಎಂಗಳಿಗೆ ಇಂಟರ್ನೆಟ್ ಸಿಗುತ್ತದೆ, ಹೊರಗಿನಿಂದ ಮಾತ್ರ ವಿಎಂ ನೇರವಾಗಿ ಕಾಣುವುದಿಲ್ಲ, ಹೋಸ್ಟಿನಲ್ಲಿ ದಾರಿ ಮಾಡಿಕೊಡಬೇಕು. ಡೆಬಿಯನ್‌ನಲ್ಲಿ ಅದು ಆಟೋಸ್ಟಾರ್ಟ್ ಇದೆಯೋ ಇಲ್ಲವೋ ಅಂತ ‘ನೆಟ್-ಲಿಸ್ಟ್’ ಹೊಡೆದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ರೀಬೂಟ್ ಆದ ಮೇಲೆ ಅದಕ್ಕೆ ಸೇರಿದ ಒಂದು ವಿಎಂ ಕೂಡ ಏಳುವುದಿಲ್ಲ.

ಹುಡುಗರಿಗೆ ಇದು ಸಾಕು. ಆದರೆ ಲೈಬ್ರರಿಯ ಪುಸ್ತಕಗಳ ಲೆಕ್ಕ ಇಡುವ ಕೋಹಾ ಸಾಫ್ಟ್‌ವೇರ್ ಒಂದು ವಿಎಂನಲ್ಲಿದೆ. ಲೈಬ್ರರಿಯ ಕಂಪ್ಯೂಟರುಗಳಿಂದ ಅದನ್ನು ತೆರೆಯಬೇಕು. ಅದಕ್ಕೆ ಬ್ರಿಡ್ಜ್ ಬೇಕು. ಅಂದರೆ ಹೋಸ್ಟಿನ ನೆಟ್‌ವರ್ಕ್ ಕಾರ್ಡನ್ನು ಒಂದು ಸಾಫ್ಟ್‌ವೇರ್ ಸ್ವಿಚ್ಚಿಗೆ ಸೇರಿಸಿ, ವಿಎಂಗಳನ್ನೂ ಅದಕ್ಕೇ ಸೇರಿಸುವುದು. ಹೋಸ್ಟಿನ ಐಪಿ ಕಾರ್ಡಿನ ಮೇಲೆ ಇರುವುದಿಲ್ಲ, ಬ್ರಿಡ್ಜಿನ ಮೇಲೆ ಹೋಗುತ್ತದೆ. ಈ ಕೆಲಸವನ್ನು ದೂರದಿಂದ ಎಸ್ಎಸ್ಎಚ್‌ನಲ್ಲಿ ಮಾಡಬಾರದು. ಒಂದು ಸಾಲು ತಪ್ಪಿದರೂ ನಾವೇ ಹೊರಗೆ. ಮಾನಿಟರ್, ಕೀಬೋರ್ಡ್ ತಂದು ಹೋಸ್ಟಿಗೇ ಚುಚ್ಚಿ ಕೂತೆವು. ವೈಫೈ ಕಾರ್ಡಿನ ಮೇಲೆ ಬ್ರಿಡ್ಜ್ ಮಾಡಲು ಹೋಗುವವರೂ ಇದ್ದಾರೆ. ಸಾಮಾನ್ಯ ವೈಫೈ ಕ್ಲೈಂಟ್ ಆಗಿರುವಾಗ ಅದು ನಡೆಯುವುದಿಲ್ಲ, ಕೇಬಲ್ಲೇ ಬೇಕು.

ಬ್ರಿಡ್ಜ್ ಎದ್ದಿತು. ಹೋಸ್ಟ್‌ಗೆ ಇಂಟರ್ನೆಟ್ ಬಂತು. ಲಿಬ್‌ವರ್ಟ್‌ನಲ್ಲಿ ‘ಲ್ಯಾನ್’ ಅಂತ ಒಂದು ನೆಟ್‌ವರ್ಕ್ ಮಾಡಿ ಈ ಬ್ರಿಡ್ಜನ್ನು ತೋರಿಸಿದೆವು. ಕೋಹಾ ವಿಎಂ ಎಬ್ಬಿಸಿದರೆ ಐಪಿನೇ ಇಲ್ಲ. ಕೈಯಾರೆ ಐಪಿ ಕೊಟ್ಟು ನೋಡಿದೆವು. ಹೋಸ್ಟಿಗೆ ಪಿಂಗ್ ಹೋಗುತ್ತದೆ, ಅದರ ಆಚೆ ಹೋಗುವುದಿಲ್ಲ. ಅಷ್ಟರಲ್ಲಿ ಲೈಬ್ರರಿ ಮೇಡಂ ಫೋನ್. ರಜೆಯಲ್ಲೂ ಅವರು ಸ್ಟಾಕ್ ಎಣಿಸಲು ಬಂದಿದ್ದರು.

“ಸರ್, ಕೋಹಾ ಓಪನ್ ಆಗವಲ್ದು ನೋಡ್ರಿ. ಪುಸ್ತಕ ಎಲ್ಲಾ ಕೆಳಗ ಇಳಿಸಿ ಕುಂತೀನಿ.”

ನೆಟ್‌ವರ್ಕಿನಲ್ಲಿ ಹಾಯುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದೆವು. ವಿಎಂನ ಕೇಬಲ್ಲಿನಂತಿರುವ ವಿನೆಟ್ ಇಂಟರ್‌ಫೇಸಿನಲ್ಲಿ ಐಪಿ ಕೇಳುವ ಪ್ಯಾಕೆಟ್ ಕಾಣುತ್ತದೆ. ನಿಜವಾದ ನೆಟ್‌ವರ್ಕ್ ಕಾರ್ಡಿನಲ್ಲಿ ಇಲ್ಲ. ನಡುವೆ ಯಾರೋ ನುಂಗುತ್ತಿದ್ದಾರೆ. ಹೋಸ್ಟಿನ ಫೈರ್‌ವಾಲ್ ಆದ ಐಪಿಟೇಬಲ್ಸ್ ನೋಡಿದರೆ ಫಾರ್ವರ್ಡ್ ಚೈನಿನ (ಹಾದುಹೋಗುವ ಪ್ಯಾಕೆಟ್ಟುಗಳ ನಿಯಮಪಟ್ಟಿಯ) ಪಾಲಿಸಿ ‘ಡ್ರಾಪ್’, ಅಂದರೆ ಬಿಸಾಡು. ನಾವು ಹಾಕಿದ್ದಲ್ಲ. ಹಾಕಿದ್ದು ಡಾಕರ್, ಪ್ರೋಗ್ರಾಮುಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಫ್ಟ್‌ವೇರ್. ಯಾವುದೋ ಪ್ರಾಜೆಕ್ಟಿಗೆ ಅಂತ ಅದನ್ನು ನೇರ ಹೋಸ್ಟಿನ ಮೇಲೆ ಇನ್‌ಸ್ಟಾಲ್ ಮಾಡಿಟ್ಟಿದ್ದರು. ಡಾಕರ್ ಏಳುವಾಗ ಫಾರ್ವರ್ಡ್ ಪಾಲಿಸಿಯನ್ನು ‘ಡ್ರಾಪ್’ ಅಂತ ಇಡುತ್ತದೆ. ಅದರ ಜೊತೆಗೆ ಬಿಆರ್-ನೆಟ್‌ಫಿಲ್ಟರ್ ಅನ್ನುವ ಕರ್ನಲ್ ಮಾಡ್ಯೂಲ್ ಕೂಡ ಲೋಡ್ ಆಗಿರುತ್ತದೆ. ಅದು ಇದ್ದಾಗ ಬ್ರಿಡ್ಜಿನ ಒಳಗೇ ಹೋಗುವ ಪ್ಯಾಕೆಟ್ಟುಗಳೂ ಐಪಿಟೇಬಲ್ಸ್ ಕಣ್ಣಿಗೆ ಬೀಳುತ್ತವೆ. ಎರಡೂ ಸೇರಿದರೆ ಬ್ರಿಡ್ಜ್ ಮೇಲಿನ ವಿಎಂಗಳ ಬಾಯಿ ಕಟ್ಟಿದ ಹಾಗೆ.

ಕರ್ನಲ್ಲಿನ ಒಂದು ಸಿಸ್‌ಸಿಟಿಎಲ್ ಸೆಟ್ಟಿಂಗನ್ನು ಸೊನ್ನೆ ಮಾಡಿದರೆ ಬ್ರಿಡ್ಜಿನ ಪ್ಯಾಕೆಟ್ಟುಗಳು ಐಪಿಟೇಬಲ್ಸ್‌ಗೆ ಹೋಗುವುದಿಲ್ಲ. ಬಹಳ ಜನ ಅದನ್ನೇ ಮಾಡುತ್ತಾರೆ. ಮೇಡಂ ಪುಸ್ತಕ ಇಳಿಸಿಕೊಂಡು ಕೂತಿದ್ದರಿಂದ ಆ ಹೊತ್ತಿಗೆ ನಾವೂ ಅದನ್ನೇ ಮಾಡಿದೆವು. ಕೋಹಾ ತಕ್ಷಣ ಎದ್ದಿತು. ಆದರೆ ಡಾಕರ್ ತನ್ನ ಕಂಟೇನರುಗಳ ನಡುವಿನ ಗೋಡೆಗೆ ಆ ಸೆಟ್ಟಿಂಗನ್ನೇ ನೆಚ್ಚಿರುತ್ತದೆ. ಹಾಗಾಗಿ ಸಂಜೆ ಡಾಕರ್‌ಗೆ ಅಂತಲೇ 4 ಜಿಬಿಯ ಒಂದು ವಿಎಂ ಮಾಡಿ, ಅದನ್ನು ಒಳಗೆ ಕಳಿಸಿ, ಹೋಸ್ಟಿನಿಂದ ಪೂರ್ತಿ ತೆಗೆದೆವು. ಹೋಸ್ಟಿನ ಮೇಲೆ ವಿಎಂ ಓಡಿಸುವುದು ಬಿಟ್ಟು ಬೇರೆ ಏನೂ ಇರಬಾರದು. ಇದು ನನ್ನ ಅಭಿಪ್ರಾಯ, ಇದರಲ್ಲಿ ನಾನು ಬಗ್ಗುವುದಿಲ್ಲ.

ಬ್ರಿಡ್ಜನ್ನು ಹುಡುಗರ ವಿಎಂಗಳಿಗೆ ಕೊಡಲಿಲ್ಲ. ಅವರ ಸಿಲೆಬಸ್‌ನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್ ಕಟ್ಟುವ ಪ್ರಾಕ್ಟಿಕಲ್ ಇದೆ. ಬ್ರಿಡ್ಜ್ ಮೇಲೆ ಕೂತ ವಿಎಂನಲ್ಲಿ ಅದನ್ನು ಕಟ್ಟಿದರೆ ಅದು ಐಪಿ ಹಂಚುವುದು ಇಡೀ ಕಾಲೇಜಿಗೆ. ಫೀ ಕೌಂಟರಿನ ಕಂಪ್ಯೂಟರ್ ಯಾರೋ ಎರಡನೇ ಸೆಮಿಸ್ಟರ್ ಹುಡುಗ ಕೊಟ್ಟ ಐಪಿ ತೆಗೆದುಕೊಂಡು ಕೂರುತ್ತದೆ. ಅದಕ್ಕೆ ಹೊರಗಿನ ನಂಟಿಲ್ಲದ ‘ಐಸೊಲೇಟೆಡ್’ ಜಾತಿಯ ಇನ್ನೊಂದು ನೆಟ್‌ವರ್ಕ್ ಮಾಡಿ, ಅದರಲ್ಲಿ ಲಿಬ್‌ವರ್ಟ್‌ನ ಡಿಎಚ್‌ಸಿಪಿಯನ್ನೂ ಆಫ್ ಇಟ್ಟೆವು. ಅದರೊಳಗೆ ಏನು ಬೇಕಾದರೂ ಹಂಚಿಕೊಳ್ಳಲಿ.

ಡಿಸ್‌ಪ್ಲೇ ಬಗ್ಗೆ ಎರಡೇ ಮಾತು. ಕ್ಯೂಮುವಿನ ಕಾನ್ಫಿಗ್ ಫೈಲಿನಲ್ಲಿ ವಿಎಂನ ಪರದೆಯನ್ನು ದೂರಕ್ಕೆ ತೋರಿಸುವ ವಿಎನ್‌ಸಿ ಯಾವ ವಿಳಾಸದಲ್ಲಿ ಕರೆಗೆ ಕಾಯಬೇಕು ಅನ್ನುವ ಸಾಲಿದೆ. ಡಿಫಾಲ್ಟ್ 127.0.0.1, ಅಂದರೆ ಹೋಸ್ಟಿನೊಳಗೆ ಮಾತ್ರ. ಅದನ್ನು ನಾಲ್ಕು ಸೊನ್ನೆ (0.0.0.0) ಮಾಡಿ ಎಲ್ಲರಿಗೂ ತೆರೆಯುವ ಆಸೆ ಬರುತ್ತದೆ. ಬೇಡ. ವಿಎನ್‌ಸಿ ಪಾಸ್‌ವರ್ಡಿನಲ್ಲಿ ಮೊದಲ 8 ಅಕ್ಷರಕ್ಕಷ್ಟೇ ಬೆಲೆ. ನಮ್ಮ ಟೇಬಲ್ಲಿನ ಕಂಪ್ಯೂಟರಿನ ವರ್ಟ್-ಮ್ಯಾನೇಜರಿನಲ್ಲಿ ಎಸ್ಎಸ್ಎಚ್ ಮೂಲಕ ಕನೆಕ್ಷನ್ ಸೇರಿಸಿದರೆ ಪರದೆ ಕೂಡ ಅದೇ ಸುರಂಗದಲ್ಲಿ ಬರುತ್ತದೆ. ಹೋಸ್ಟಿನಲ್ಲಿ ಏನೂ ತೆರೆಯಬೇಕಿಲ್ಲ.

ಮೆಮೊರಿ ಲೆಕ್ಕ ಕಾಗದದ ಮೇಲೆ ಹಾಕಿದೆವು. ಹುಡುಗರ 20 ವಿಎಂಗೆ ತಲಾ 2 ಜಿಬಿ ಅಂದರೆ 40. ಕೋಹಾಕ್ಕೆ 4, ಆಫೀಸಿನ ಲೆಕ್ಕಪತ್ರದ ವಿಂಡೋಸ್ ವಿಎಂಗೆ 6, ಡಾಕರ್‌ಗೆ 4. ಒಟ್ಟು 54. ಹೋಸ್ಟಿಗೆ 10 ಉಳಿಯುತ್ತದೆ. ವಿಎಂ ಮುಟ್ಟದ ಮೆಮೊರಿಯನ್ನು ಕರ್ನಲ್ ನಿಜವಾಗಿ ಕೊಟ್ಟಿರುವುದಿಲ್ಲ. ಹಾಗಾಗಿ ಇನ್ನೂ ಜಾಸ್ತಿ ಹಂಚಬಹುದು ಅಂತ ಆಸೆ ಹುಟ್ಟುತ್ತದೆ. ಆದರೆ ಎಲ್ಲರೂ ಒಟ್ಟಿಗೆ ಕೇಳಿದ ದಿನ ಕರ್ನಲ್ಲಿನ ಓಓಎಂ ಕಿಲ್ಲರ್ ದೊಡ್ಡದಾಗಿ ಕಾಣುವ ಪ್ರೋಸೆಸ್ಸನ್ನು ಕೊಲ್ಲುತ್ತದೆ. ಹೋಸ್ಟಿನ ಮೇಲೆ ದೊಡ್ಡದಾಗಿ ಕಾಣುವುದು ಆಫೀಸಿನ ವಿಎಂ! ಅದಕ್ಕೆ ಹಂಚಿಕೆ 54ಕ್ಕೇ ನಿಲ್ಲಿಸಿ, ಕೆಎಸ್ಎಂ ಆನ್ ಮಾಡಿದೆವು. ಬೇರೆ ಬೇರೆ ವಿಎಂಗಳಲ್ಲಿ ಒಂದೇ ತರಹ ಇರುವ ಮೆಮೊರಿ ಪುಟಗಳನ್ನು ಹುಡುಕಿ ಒಂದೇ ಪ್ರತಿ ಇಟ್ಟುಕೊಳ್ಳುವ ಕರ್ನಲ್ ಸೌಲಭ್ಯ ಅದು. ಒಂದೇ ಬೇಸ್ ಇಮೇಜಿನಿಂದ ಎದ್ದ 20 ವಿಎಂ ಇರುವಲ್ಲಿ ಚೆನ್ನಾಗಿ ಫಲ ಕೊಡುತ್ತದೆ. ಸ್ವಲ್ಪ ಸಿಪಿಯು ತಿನ್ನುತ್ತದೆ. ಒಬ್ಬರ ವಿಎಂ ಇನ್ನೊಬ್ಬರ ಮೆಮೊರಿಯ ಸುಳಿವು ಹಿಡಿಯುವ ದಾಳಿಗಳಿಗೆ ದಾರಿಯಾಗುತ್ತದೆ ಅಂತ ಹೊರಗಿನವರಿಗೆ ವಿಎಂ ಬಾಡಿಗೆ ಕೊಡುವವರು ಇದನ್ನು ಆಫ್ ಇಡುತ್ತಾರೆ. ನಮ್ಮ ಲ್ಯಾಬಿಗೆ ಆ ಭಯ ಅಷ್ಟಿಲ್ಲ.

ಲಾಗ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ವರ್ಟ್‌ಲಾಗ್‌ಡಿ 2 ಎಂಬಿ ಆದ ಕೂಡಲೇ ಹೊಸ ಫೈಲ್ ಶುರು ಮಾಡಿ ಹಳೆಯವು 3 ಇಟ್ಟುಕೊಳ್ಳುತ್ತದೆ, ಸಾಕು. ಕಾನ್ಫಿಗ್ ಬದಲಿಸಿ ಡೀಮನ್ ರೀಸ್ಟಾರ್ಟ್ ಮಾಡಿದರೆ ಓಡುತ್ತಿರುವ ವಿಎಂಗಳು ಬೀಳುತ್ತವೆಯೇ ಅಂತ ನನ್ನ ಜೊತೆಯವರು ಪ್ರತಿ ಸಲ ಕೇಳುತ್ತಿದ್ದರು. ಬೀಳುವುದಿಲ್ಲ. ಪ್ರತಿ ವಿಎಂ ಒಂದು ಬೇರೆ ಕ್ಯೂಮು ಪ್ರೋಸೆಸ್. ಆದರೆ ಕ್ಯೂಮು ಕಾನ್ಫಿಗ್ಗಿನ ಬದಲಾವಣೆ ಓಡುತ್ತಿರುವ ವಿಎಂಗೆ ತಾಗುವುದೂ ಇಲ್ಲ. ಅದನ್ನು ಆರಿಸಿ ಮತ್ತೆ ಎಬ್ಬಿಸಿದ ಮೇಲೆಯೇ.

ಇನ್ನು ಕರೆಂಟ್. ವಿಜಯಪುರದ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಸಂಜೆ ಗಾಳಿ ಎದ್ದು, ಧೂಳು ಹಾರಿ, ನಾಲ್ಕು ಹನಿ ಬಿದ್ದರೆ ಲೈಟ್ ಹೋಗುತ್ತದೆ. ಎರಡು ನಿಮಿಷಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ. ನಮ್ಮ ಯುಪಿಎಸ್ ಬ್ಯಾಟರಿ ಹಳೆಯದು. ಹೋಸ್ಟನ್ನು ಹತ್ತು ನಿಮಿಷ ಎತ್ತಿ ಹಿಡಿದರೆ ಅದೇ ಹೆಚ್ಚು. ಜನವರಿಯಲ್ಲೇ ಇದಕ್ಕೆ ತಯಾರಾಗಬೇಕಿತ್ತು.

ಹೋಸ್ಟ್ ಆರುವಾಗ ವಿಎಂಗಳನ್ನು ಏನು ಮಾಡಬೇಕು ಅನ್ನುವುದು ‘ಲಿಬ್‌ವರ್ಟ್-ಗೆಸ್ಟ್ಸ್’ ಅನ್ನುವ ಸರ್ವಿಸ್ ಕೈಯಲ್ಲಿದೆ. ಡೆಬಿಯನ್‌ನಲ್ಲಿ ಅದರ ಸೆಟ್ಟಿಂಗ್ ಇಟಿಸಿ ಡಿಫಾಲ್ಟ್ ಫೋಲ್ಡರಿನಲ್ಲಿ. ಆಯ್ಕೆ ಎರಡು: ಸಸ್ಪೆಂಡ್ ಅಥವಾ ಶಟ್‌ಡೌನ್. ಸಸ್ಪೆಂಡ್ ಅಂದರೆ ವಿಎಂನ ಮೆಮೊರಿಯನ್ನು ಡಿಸ್ಕಿಗೆ ಬರೆದು ನಿಲ್ಲಿಸುವುದು. ಎದ್ದಾಗ ಬಿಟ್ಟಲ್ಲಿಂದ ಶುರು. ಕೇಳಲು ಚೆಂದ. ಲೆಕ್ಕ ಹಾಕಿ ನೋಡಿದರೆ, ವಿಎಂಗಳು ತಮ್ಮ 54 ಜಿಬಿಯನ್ನೂ ತುಂಬಿಕೊಂಡಿದ್ದರೆ, ಕ್ಯಾಶ್ ತುಂಬಿದ ಅಗ್ಗದ ಎಸ್ಎಸ್‌ಡಿ ಸೆಕೆಂಡಿಗೆ 100 ಎಂಬಿಯಂತೆ ಬರೆದರೆ, 540 ಸೆಕೆಂಡ್. ಅಂದರೆ 9 ನಿಮಿಷ. ಯುಪಿಎಸ್ ಇರುವುದು ಹತ್ತು. ಮೇಲಾಗಿ ಆ ಸೇವ್ ಫೈಲ್‌ಗಳು ಹೋಗುವುದು ಮತ್ತೆ ಸಿಸ್ಟಮ್ ಎಸ್ಎಸ್‌ಡಿಗೇ, ನಾವು ಕಷ್ಟಪಟ್ಟು ಖಾಲಿ ಮಾಡಿದ ಜಾಗಕ್ಕೆ. ಶಟ್‌ಡೌನ್ ಆರಿಸಿದೆವು.

ಅಲ್ಲೂ ಒಂದು ತೊಡಕು ಇದೆ. ಪ್ಯಾರಲಲ್ ಶಟ್‌ಡೌನ್ ಅನ್ನುವ ಸಂಖ್ಯೆ ಸೊನ್ನೆ ಇದ್ದರೆ ವಿಎಂಗಳು ಒಂದಾದ ಮೇಲೊಂದು ಆರುತ್ತವೆ. ಟೈಮ್‌ಔಟ್ ಡಿಫಾಲ್ಟ್ 300 ಸೆಕೆಂಡ್, ಅದೂ ಪ್ರತಿ ವಿಎಂಗೆ. ಸಾಲಿನ ಮೊದಲ ವಿಎಂ ಮಾತು ಕೇಳದೆ ಕೂತರೆ 5 ನಿಮಿಷ ಅಲ್ಲೇ ಹೋಯಿತು. ಪ್ಯಾರಲಲ್ ಆನ್ ಮಾಡಿದರೆ ಅದೇ ಟೈಮ್‌ಔಟ್ ಎಲ್ಲರಿಗೂ ಸೇರಿ ಒಂದೇ. ನಾವು ಪ್ಯಾರಲಲ್‌ಗೆ 10, ಟೈಮ್‌ಔಟಿಗೆ 180 ಕೊಟ್ಟೆವು.

ಮಾತು ಕೇಳದೆ ಕೂರುವ ವಿಎಂ ಯಾವುದು ಅಂತ ಮೊದಲೇ ಗೊತ್ತಿತ್ತು. ಆಫೀಸಿನ ವಿಂಡೋಸ್. ಲೆಕ್ಕಪತ್ರದ ವಿಂಡೋ ತೆರೆದಿಟ್ಟು ಮನೆಗೆ ಹೋಗುವುದು ಅಲ್ಲಿನ ಅಭ್ಯಾಸ. ಹೋಸ್ಟ್ ಪವರ್ ಬಟನ್ ಒತ್ತಿದ ಹಾಗೆ ಎಸಿಪಿಐ ಸೂಚನೆ ಕೊಟ್ಟರೆ ವಿಂಡೋಸ್ ‘ಈ ಪ್ರೋಗ್ರಾಂ ಇನ್ನೂ ತೆರೆದಿದೆ’ ಅಂತ ಪರದೆಯ ಮೇಲೆ ಕೇಳಿ ಕಾಯುತ್ತದೆ. ಕತ್ತಲಲ್ಲಿ ಯಾರು ಉತ್ತರ ಕೊಡಬೇಕು? ಆ ವಿಎಂನಲ್ಲಿ, ಒಳಗೆ ಕೂತು ಹೋಸ್ಟಿನ ಮಾತು ಕೇಳುವ ಕ್ಯೂಮು ಗೆಸ್ಟ್ ಏಜೆಂಟ್ ಹಾಕಿದೆವು. ಏಜೆಂಟ್ ಇದ್ದರೆ ಲಿಬ್‌ವರ್ಟ್ ಮೊದಲು ಅದಕ್ಕೇ ಹೇಳುತ್ತದೆ. ಅದು ಒಳಗಿನಿಂದ ಬಲವಂತವಾಗಿ ಆರಿಸುತ್ತದೆ. ಸೇವ್ ಮಾಡದ್ದು ಹೋಗುತ್ತದೆ, ಅದನ್ನು ಆಫೀಸಿಗೆ ಹೇಳಿಯೇ ಮಾಡಿದ್ದು.

ಹೋಸ್ಟ್‌ಗೆ ಕರೆಂಟ್ ಹೋದದ್ದು ತಿಳಿಯಬೇಕಲ್ಲ. ಯುಪಿಎಸ್ ಹಿಂದೆ ಒಂದು ಯುಎಸ್‌ಬಿ ಪೋರ್ಟ್ ಇತ್ತು, ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಯುಪಿಎಸ್ ಜೊತೆ ಮಾತಾಡುವ ನಟ್ ಅನ್ನುವ ತಂತ್ರಾಂಶ ಹಾಕಿ, ಅಗ್ಗದ ಯುಪಿಎಸ್‌ಗಳು ಮಾತಾಡುವ ಕ್ಯೂಎಕ್ಸ್ ಭಾಷೆಯ ಡ್ರೈವರ್ ತೋರಿಸಿದ ಮೇಲೆ ವೋಲ್ಟೇಜ್ ಓದತೊಡಗಿತು. ‘ಬ್ಯಾಟರಿ ಲೋ’ ಸೂಚನೆ ಮಾತ್ರ ನಂಬುವ ಹಾಗಿರಲಿಲ್ಲ. ಹಳೇ ಬ್ಯಾಟರಿ ಚೆನ್ನಾಗಿದ್ದೇನೆ ಅನ್ನುತ್ತಲೇ ಕುಸಿಯುತ್ತದೆ. ಅದಕ್ಕೆ ಟೈಮರ್ ಇಟ್ಟೆವು. ಬ್ಯಾಟರಿ ಮೇಲೆ 120 ಸೆಕೆಂಡ್ ಕಳೆದರೆ ಶಟ್‌ಡೌನ್ ಶುರು. ಅಷ್ಟರಲ್ಲಿ ಕರೆಂಟ್ ಬಂದರೆ ಟೈಮರ್ ರದ್ದು. ನಮ್ಮ ಬೇಸಿಗೆ ಸಂಜೆಯ ‘ಹೋತು, ಬಂತು’ ಆಟಕ್ಕೆ ಇದು ಸರಿಯಾಗಿ ಹೊಂದಿತು.

ಏಳುವುದು ಇನ್ನೊಂದು ಕಥೆ. ಬಯಾಸ್‌ನಲ್ಲಿ ‘ಕರೆಂಟ್ ಬಂದರೆ ಆನ್ ಆಗು’ ಅಂತ ಇಟ್ಟರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಶಟ್‌ಡೌನ್ ಶುರುವಾದ ಮೇಲೆ, ಯುಪಿಎಸ್ ಇನ್ನೂ ಜೀವ ಇರುವಾಗಲೇ ಕರೆಂಟ್ ಬಂದರೆ? ಹೋಸ್ಟಿನ ಮಟ್ಟಿಗೆ ಕರೆಂಟ್ ಹೋಗಿಯೇ ಇಲ್ಲ. ಅದು ಆರಿದ್ದು ಆರಿದ ಹಾಗೇ ಇರುತ್ತದೆ, ಬೆಳಿಗ್ಗೆ ಯಾರಾದರೂ ಬಂದು ಬಟನ್ ಒತ್ತುವವರೆಗೆ. ಅದಕ್ಕೆ ನಟ್ ಶಟ್‌ಡೌನ್‌ನ ಕೊನೆಯಲ್ಲಿ ಯುಪಿಎಸ್‌ಗೇ ‘ಔಟ್‌ಪುಟ್ ಕಡಿ’ ಅಂತ ಹೇಳಬೇಕು. 30 ಸೆಕೆಂಡ್ ಬಿಟ್ಟು ಯುಪಿಎಸ್ ಔಟ್‌ಪುಟ್ ಕಡಿಯುತ್ತದೆ. ಕರೆಂಟ್ ಇದ್ದರೆ ಮೂರು ನಿಮಿಷದ ನಂತರ ಮತ್ತೆ ಕೊಡುತ್ತದೆ. ಆಗ ಬಯಾಸ್ ತನ್ನ ಕೆಲಸ ಮಾಡುತ್ತದೆ. ಪ್ಲಗ್ ಎಳೆದು, ಹಾಕಿ, ಮತ್ತೆ ಎಳೆದು ಪರೀಕ್ಷೆ ಮಾಡಿದೆವು. ಇದನ್ನು ಪರೀಕ್ಷೆ ಮಾಡದೆ ಬಿಡುವುದಾದರೆ ಹಾಕದೆ ಇರುವುದೇ ವಾಸಿ.

ಎದ್ದ ಮೇಲೆ ಯಾವ ವಿಎಂ ಏಳಬೇಕು? ಲಿಬ್‌ವರ್ಟ್-ಗೆಸ್ಟ್ಸ್‌ಗೆ ಬೂಟ್ ಆದಾಗ ‘ಇಗ್ನೋರ್’ ಅಂತ ಹೇಳಿ, ಕೋಹಾ, ಆಫೀಸು, ಡಾಕರ್ ಮೂರಕ್ಕೆ ಮಾತ್ರ ಆಟೋಸ್ಟಾರ್ಟ್ ಕೊಟ್ಟೆವು. ಹುಡುಗರದ್ದು ಪ್ರಾಕ್ಟಿಕಲ್ ಇದ್ದ ದಿನ ನಾವೇ ಎಬ್ಬಿಸುತ್ತೇವೆ. ಬೇಸಿಗೆಯಲ್ಲಿ ಲ್ಯಾಬಿನ ಕಾವು ಸ್ವಲ್ಪ ಕಡಿಮೆಯಾಗಲೂ ಇದು ಸಹಾಯ.

ಕೊನೆಗೆ ಇಟಿಸಿ ಫೋಲ್ಡರನ್ನು ಇಟಿಸಿಕೀಪರ್ ಹಾಕಿ ಗಿಟ್‌ಗೆ ಸೇರಿಸಿದೆವು. ಯಾರು ಯಾವ ಸಾಲು ಯಾವಾಗ ಬದಲಿಸಿದರು ಅಂತ ಈಗ ಕಾಣುತ್ತದೆ. ಮೇ ತಿಂಗಳ ಗಾಳಿಯಲ್ಲಿ ಹೋಸ್ಟ್ ತಾನಾಗಿ ಆರಿ ತಾನಾಗಿ ಎದ್ದದ್ದು ಲಾಗ್‌ನಲ್ಲಿ ನೋಡಿದೆವು. ಲೈಬ್ರರಿ ಮೇಡಂ ಗಮನಕ್ಕೂ ಬಂದಿರಲಿಲ್ಲ. ಈಗ ಎರಡನೇ ಹೋಸ್ಟ್ ಒಂದು ಬರುವುದಿದೆ. ಅದಕ್ಕೆ ಇದೇ ಫೈಲ್‌ಗಳು ಹೋಗುತ್ತವೆ. ಬದಲಿಸಬೇಕಾದದ್ದು ಬ್ರಿಡ್ಜಿಗೆ ಸೇರುವ ಕಾರ್ಡಿನ ಹೆಸರು, ಹೋಸ್ಟಿನ ಐಪಿ ಮತ್ತು ಮೆಮೊರಿಯ ಆ ಕಾಗದದ ಲೆಕ್ಕ. ಹೊಸ ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇರಲೇಬೇಕು ಅಂತ ಕೊಟೇಶನ್ನಿನಲ್ಲೇ ಬರೆಸಿದ್ದೇವೆ.